ಬದರಿನಾಥರ ಕೋಟೆ ಪ್ರದಕ್ಷಿಣೆ

ಅಹಂಕಾರವು ಮನುಷ್ಯನನ್ನು ಪ್ರವೇಶಿಸುವ ದ್ವಾರಗಳು ಹಲವು ಎಂದು ಹಿರಿಯರು ಎಣಿಸಿ ಇಟ್ಟಿದ್ದಾರೆ: ವಿದ್ಯೆ, ರೂಪ, ಕುಲ, ಅಧಿಕಾರ ಇತ್ಯಾದಿ. ಬದರಿನಾಥರಲ್ಲಿ ಇವುಗಳ ಪೈಕಿ ಯಾವುದೂ ದ್ವಾರವೆನ್ನುವಷ್ಟು ಅಗಲವಾಗಿರಲಿಲ್ಲವಾದ್ದರಿಂದ, ಅದು ಸಪಾದಭಕ್ಷ್ಯವೆಂಬ ಪ್ರಸಾದದ ಸಜ್ಜಿಗೆಯ ದೊನ್ನೆಯೊಂದರ ಮೂಲಕ ಪ್ರವೇಶಿಸಬೇಕಾಯಿತು. ನಡೆದದ್ದು ಸಾವಿರದ ಒಂಬೈನೂರ ತೊಂಬತ್ತಾರನೆಯ ಇಸವಿಯ ವೈಶಾಖದ ಹುಣ್ಣಿಮೆಯಂದು, ಸಿಂಗಾಪುರದ ಕ್ಲೆಮೆಂಟಿಯ ಬ್ಲಾಕೊಂದರ ಹನ್ನೊಂದನೆಯ ಮಹಡಿಯಲ್ಲಿ, ಬ್ಯಾಂಕಿನ ಉಪೇಂದ್ರನ ಮನೆಯ ಸತ್ಯನಾರಾಯಣ ಪೂಜೆಯಲ್ಲಿ.

ಬದರಿನಾಥರು ಐವತ್ತೇಳು ವರ್ಷದ ಎಂಜಿನಿಯರು. ಸಮುದ್ರಕ್ಕೆ ಮಣ್ಣು ತುಂಬಿ ನೆಲವನ್ನು ಹಿಗ್ಗಿಸುವ ಆ ದ್ವೀಪದಲ್ಲಿ, ತುಂಬಿದ ಮಣ್ಣು ಮತ್ತೆ ಸಮುದ್ರಕ್ಕೆ ಜಾರದಂತೆ ಕಟ್ಟುವ ತಡೆಗೋಡೆಗಳ ನಕ್ಷೆಗಳನ್ನು ಪರಿಶೀಲಿಸುವುದು ಅವರ ಉದ್ಯೋಗ. ಮೈಸೂರಿನಲ್ಲಿ ತಂದೆಯ ಮುಂದೆ ಕುಳಿತು ಕಲಿತ ಸಂಸ್ಕೃತ ಅವರ ಸಂಪತ್ತು. ಈ ಎರಡನ್ನು ಬಿಟ್ಟರೆ ಉಳಿದ ಲೋಕವ್ಯವಹಾರದಲ್ಲಿ ಅವರು ಸದಾ ಅರ್ಧ ದಾರಿಯಲ್ಲಿರುವ ಮನುಷ್ಯ. ಕನ್ನಡಕ ಹುಡುಕುವಾಗ ಕೊಡೆ ಸಿಗುವುದು, ಕೊಡೆ ಹುಡುಕುವಾಗ ಮಳೆ ನಿಲ್ಲುವುದು ಅವರಿಗೆ ನಿತ್ಯವಿಧಿ.

"ಸೋ ಅಂಕಲ್, ಕೊನೆಗೂ ಯುರೋಪ್ ಬುಕ್ ಮಾಡಿದ್ರಂತೆ," ಎಂದ ಉಪೇಂದ್ರ, ದೊನ್ನೆಯನ್ನು ಅವರ ಕೈಗಿಡುತ್ತ. ಅವನು ಹಿಂದಿನ ವರ್ಷ ಹತ್ತು ದಿನಗಳಲ್ಲಿ ಏಳು ದೇಶಗಳನ್ನು ಮುಗಿಸಿ ಬಂದಿದ್ದ. "ಪ್ಯಾರಿಸ್ ಎಷ್ಟು ದಿನ?"

"ಪ್ಯಾರಿಸ್ ಇಲ್ಲ."

"ಸ್ವಿಸ್?"

"ಅದೂ ಇಲ್ಲ. ಸಮುದ್ರದ ದಡದ ಕೋಟೆ ಊರುಗಳು. ಸುತ್ತ ಹಳೇ ಗೋಡೆ ಇರೋವು. ಐದು ಊರು, ಹನ್ನೆರಡು ದಿನ."

"ಗೋಡೆನಾ?" ಉಪೇಂದ್ರ ಕೋಣೆಯ ಕಡೆಗೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ. "ಅಂಕಲ್, ನೀವು ವಾರಕ್ಕೆ ಐದೂವರೆ ದಿನ ಗೋಡೆನೇ ಚೆಕ್ ಮಾಡ್ತೀರ. ಲೀವ್ ಹಾಕಿ, ಪ್ಲೇನ್ ಹತ್ತಿ, ಮತ್ತೆ ಗೋಡೆ ನೋಡೋಕೆ ಹೋಗ್ತೀರಾ? ಆಂಟಿ ಪಾಪ."

ಹನ್ನೆರಡು ಜನ ನಕ್ಕರು. ಸತ್ಯವೇನೆಂದರೆ, ಆ ಊರುಗಳನ್ನು ಆರಿಸಿದವರು ಆ 'ಪಾಪ'ದ ಆಂಟಿಯೇ. ಮದುವೆಯಾಗಿ ಮೂವತ್ತು ವರ್ಷ ತುಂಬಿದ್ದಕ್ಕೆ ಮಗಳು ವರ್ಷಾ, "ಅಮ್ಮಾ, ಎಲ್ಲಿಗೆ ಹೋಗ್ತೀಯ ಹೇಳು," ಎಂದು ಕೇಳಿದಾಗ, ಅನಸೂಯಮ್ಮನವರು ಲೈಬ್ರರಿಯಿಂದ ತಂದ ಚಿತ್ರದ ಪುಸ್ತಕವೊಂದನ್ನು ತೆರೆದು, ಸಮುದ್ರದ ನಡುವೆ ಗೋಡೆಯನ್ನು ಸುತ್ತಿಕೊಂಡು ಕುಳಿತ ಊರೊಂದರ ಮೇಲೆ ಬೆರಳಿಟ್ಟಿದ್ದರು. ಮೂವತ್ತು ವರ್ಷಗಳಲ್ಲಿ ಆಕೆ ತನಗೆಂದು ಕೇಳಿದ ಮೊದಲನೆಯ ವಸ್ತು ಅದು. ಏಕೆ ಎಂದು ಬದರಿನಾಥರು ಕೇಳಿರಲಿಲ್ಲ. ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಈಗ ನಗುವಿನ ನಡುವೆ ನಿಂತ ಅವರಿಗೆ ತಂದೆಯ ಪಾಠಗಳೆಲ್ಲ ಒಮ್ಮೆಲೇ ನೆನಪಾದವು. ನೀರೇ ಕಂದಕವಾದ ದುರ್ಗದ ಮಹಿಮೆಯನ್ನು ಕುರಿತು ಏನಾದರೂ ಹೇಳಬಹುದಿತ್ತು. ಆದರೆ ಬಾಯಿಂದ ಹೊರಬಿದ್ದದ್ದು ಬೇರೆ.

"ನೋಡೋದಕ್ಕಲ್ಲ," ಎಂದರು ಗಂಭೀರವಾಗಿ. "ಪ್ರದಕ್ಷಿಣೆಗೆ."

ನಗು ನಿಂತಿತು. ಎದುರು ಬ್ಲಾಕಿನ ಕಾಮಾಕ್ಷಿಯವರು ತೀರ್ಥದ ಉದ್ಧರಣೆಯನ್ನು ಅರ್ಧದಲ್ಲಿ ನಿಲ್ಲಿಸಿ ಕೇಳಿದರು. "ಏನು, ಹರಕೆನಾ?"

ಇಲ್ಲ ಎನ್ನಲು ಎರಡು ಅಕ್ಷರ ಸಾಕಿತ್ತು. ಆದರೆ ಬಾಯಲ್ಲಿ ಸಜ್ಜಿಗೆ ತುಂಬಿತ್ತು. ಅಲ್ಲದೆ ಹನ್ನೆರಡು ಜನ ತಮ್ಮ ಮುಖವನ್ನು ಭಕ್ತಿಯಿಂದ ನೋಡುವ ಸಂದರ್ಭ ಬದರಿನಾಥರ ಜೀವಿತದಲ್ಲಿ ಹಿಂದೆ ಬಂದಿರಲಿಲ್ಲ. ಅವರು ಕಣ್ಣು ಮುಚ್ಚಿ ನುಂಗಿ ಹೇಳಿದರು. "ಅದನ್ನೆಲ್ಲ ಹೊರಗೆ ಹೇಳಬಾರದು."

ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯಿದೆ ಎಂದು ಊಹಿಸಲು ತಾರ್ಕಿಕರಿಗೆ ಐದು ಹೆಜ್ಜೆ ಬೇಕು. ಕಾಮಾಕ್ಷಿಯವರಿಗೆ ಹನ್ನೊಂದನೆಯ ಮಹಡಿಯಿಂದ ನೆಲಕ್ಕಿಳಿಯುವ ಲಿಫ್ಟು ಸಾಕಾಯಿತು. ಹರಕೆಯಿದೆ ಎಂದ ಮೇಲೆ ಕಷ್ಟವಿದೆ. ಹೇಳಬಾರದು ಎಂದ ಮೇಲೆ ದೊಡ್ಡ ಕಷ್ಟವೇ. ಬದರಿನಾಥರು ಸಜ್ಜಿಗೆಯನ್ನು ಎರಡು ಸಲ ಹಾಕಿಸಿಕೊಂಡಿದ್ದರಿಂದ ಕಷ್ಟ ಅವರದಲ್ಲ. ಅನಸೂಯಮ್ಮ ಮಂಗಳಾರತಿಯಾಗುವಾಗ ಎದ್ದು ನಿಲ್ಲದೆ ಗೋಡೆಗೊರಗಿ ಕುಳಿತಿದ್ದರು. ಲಿಫ್ಟಿನ ಬಾಗಿಲು ತೆರೆಯುವ ಹೊತ್ತಿಗೆ ಕಾಮಾಕ್ಷಿಯವರ ಕಣ್ಣು ಒದ್ದೆಯಾಗಿತ್ತು. ಒಂದೂವರೆ ಗಂಟೆ ಚಕ್ಕಳಮಕ್ಕಳ ಹಾಕಿ ಕಥೆ ಕೇಳಿದ್ದರಿಂದ ಅನಸೂಯಮ್ಮನವರ ಕಾಲು ಜೋಮು ಹಿಡಿದಿತ್ತು ಎಂಬುದನ್ನು ತಿಳಿದವರು ಅನಸೂಯಮ್ಮನವರು ಮಾತ್ರ.

ಮರುದಿನದಿಂದ ಮನೆಗೆ ಪಾತ್ರೆಗಳು ಬರತೊಡಗಿದವು. ಉಪ್ಪಿಲ್ಲದ ಗಂಜಿ, ಒಗ್ಗರಣೆಯಿಲ್ಲದ ಹೆಸರುಬೇಳೆ ಕಟ್ಟು, ಅಮೃತಬಳ್ಳಿಯ ಕಷಾಯ. ಬ್ಲಾಕಿನ ಬುಡದ ತೆರೆದ ಹಜಾರವಾದ ವಾಯ್ಡ್ ಡೆಕ್ಕಿನಲ್ಲಿ ಅನಸೂಯಮ್ಮ ತರಕಾರಿಯ ಚೀಲ ಹಿಡಿದು ಬಂದರೆ ಮೂರು ಕೈಗಳು ಚೀಲಕ್ಕೆ ಚಾಚುತ್ತಿದ್ದವು.

"ರೀ, ಇವರಿಗೆಲ್ಲ ಏನಾಗಿದೆ?" ಎಂದು ಆಕೆ ಗಂಡನನ್ನು ಕೇಳಿದರು. "ಕಾಮಾಕ್ಷಿ ಬಂದು ನನ್ನ ಕೆನ್ನೆ ಸವರಿ ಹೋದಳು. ಹದಿನಾರು ವರ್ಷದಿಂದ ನನ್ನ ಇಡ್ಲಿ ಪಾತ್ರೆ ಇಟ್ಕೊಂಡಿದ್ದಳಲ್ಲ, ಅದನ್ನೂ ವಾಪಸ್ ಕೊಟ್ಟಳು."

"ಒಳ್ಳೇದೇ ಆಯ್ತಲ್ಲ," ಎಂದರು ಬದರಿನಾಥರು, ಪತ್ರಿಕೆಯಿಂದ ತಲೆಯೆತ್ತದೆ.

ಮೂರನೆಯ ದಿನ ಕ್ಲೆಮೆಂಟಿ ಎಂಆರ್‌ಟಿ ನಿಲ್ದಾಣದಲ್ಲಿ ಉಪೇಂದ್ರ ಅವರ ಎರಡೂ ಕೈಗಳನ್ನು ಹಿಡಿದುಕೊಂಡ. "ಸಾರ್, ಅವತ್ತು ನಾನು ಏನೇನೋ ಜೋಕ್ ಮಾಡಿಬಿಟ್ಟೆ. ಮನಸ್ಸಿಗೆ ತಗೋಬೇಡಿ. ಆಂಟಿ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ವೈಫ್ ರಾತ್ರಿಯೆಲ್ಲ ಅತ್ತಳು."

ಹೆಂಡತಿಗೆ ದೊಡ್ಡ ಕಾಯಿಲೆಯೆಂದು ಎಲ್ಲರೂ ನಂಬಿರುವುದು ಬದರಿನಾಥರಿಗೆ ಆಗ ತಿಳಿಯಿತು. ಇಲ್ಲಿಯೇ ಅದನ್ನು ಸರಿಪಡಿಸಬಹುದಿತ್ತು. ಆದರೆ ಹದಿನಾರು ವರ್ಷ 'ಅಂಕಲ್' ಎನ್ನುತ್ತಿದ್ದವನು ಅಂದು ಮೊದಲ ಬಾರಿಗೆ 'ಸಾರ್' ಎಂದಿದ್ದ. ಅಲ್ಲದೆ ರೈಲು ಬಂದಿತು. "ಎಲ್ಲ ದೈವೇಚ್ಛೆ," ಎಂದಷ್ಟೇ ಹೇಳಿ ಅವರು ಒಳಗೆ ಹತ್ತಿದರು. ಒಬ್ಬ ಮನುಷ್ಯ ಸುಳ್ಳನ್ನೂ ಹೇಳದೆ ನಿಜವನ್ನೂ ಹೇಳದೆ ಇರಲು ನಮ್ಮ ಭಾಷೆ ಒದಗಿಸಿರುವ ಸೌಕರ್ಯ ಅಪಾರವಾದುದು.

ಈ ಹೊತ್ತಿಗೆ ಸುದ್ದಿ ಮೈಸೂರಿಗೆ ತಲಪಿತ್ತು. ಅನಸೂಯಮ್ಮನವರ ಅಣ್ಣ ಸೇತುರಾಮ ಶಾಸ್ತ್ರಿಗಳು ನಿವೃತ್ತ ಸಂಸ್ಕೃತ ಅಧ್ಯಾಪಕರು. ಯಾವ ಸಂದೇಹಕ್ಕೂ ಒಂದು ವಿಧಿಯನ್ನು ಹುಡುಕಿಕೊಡಬಲ್ಲವರು. ಅವರು ಫೋನು ಮಾಡಲಿಲ್ಲ, ಬಂದೇಬಿಟ್ಟರು. ಚಾಂಗಿ ವಿಮಾನ ನಿಲ್ದಾಣದಲ್ಲಿ ಅವರ ಕೈಯ ಹಿತ್ತಾಳೆ ಬಿಂದಿಗೆಯನ್ನು ಸುಂಕದ ಅಧಿಕಾರಿಯೊಬ್ಬ ತಡೆದ. ವರ್ಷಾ ಗಾಜಿನಾಚೆಯಿಂದ ನೋಡುತ್ತಿದ್ದಳು.

"ವಾಟ್ ಇನ್‌ಸೈಡ್, ಅಂಕಲ್?"

"ವಾಟರ್."

"ಸಿಂಗಾಪುರದಲ್ಲಿ ವಾಟರ್ ಇದೆ, ಅಂಕಲ್."

"ದಿಸ್ ಈಸ್ ಕಾವೇರಿ," ಎಂದರು ಶಾಸ್ತ್ರಿಗಳು, ಆ ನದಿಯ ಪರಿಚಯವಿಲ್ಲದವನ ಬಗ್ಗೆ ನಿಜವಾದ ಮರುಕದಿಂದ. ಅಧಿಕಾರಿ ಮೂಸಿ ನೋಡಿ, ತನ್ನ ಮೇಲಿನವನನ್ನು ಕರೆದು ಮೂಸಿಸಿ, ಇಬ್ಬರೂ ಸೇರಿ ಬಿಂದಿಗೆಯನ್ನು ಹಿಂದಿರುಗಿಸಿದರು.

ಮನೆಗೆ ಬಂದ ಶಾಸ್ತ್ರಿಗಳು ತಂಗಿಯ ಹಣೆಯ ಮೇಲೆ ತೀರ್ಥ ಚಿಮುಕಿಸಿ, ಆಕೆಯನ್ನು ಒಳಕ್ಕೆ ಕಳುಹಿಸಿ, ಬದರಿನಾಥರನ್ನು ಸೋಫಾದ ಮೇಲೆ ಕೂಡಿಸಿಕೊಂಡರು.

"ನೋಡಿ ಬದರಿನಾಥ್, ಹರಕೆ ಹೊತ್ತದ್ದು ಸರಿ. ಮ್ಲೇಚ್ಛದೇಶದ ಕೋಟೆಗೇ ಯಾಕೆ ಹೊತ್ತಿರಿ ಅಂತ ನಾನು ಕೇಳೋದಿಲ್ಲ. ಸಮುದ್ರ ಎಲ್ಲಿದ್ದರೂ ಸಮುದ್ರರಾಜನೇ. ಆದರೆ ಒಂದು ಮಾತು. ಯಾರಿಗಾಗಿ ಹರಕೆಯೋ ಅವರು ಮನೆಯಲ್ಲಿ ಉಳೀಬೇಕು. ಹೊತ್ತವನು ಹೋಗಬೇಕು. ಅನಸೂಯ ಆ ಚಳಿಗಾಳಿಯಲ್ಲಿ ಗೋಡೆ ಹತ್ತೋದು ಬೇಡ."

"ಅಲ್ಲ ಭಾವ, ಈ ಟ್ರಿಪ್ಪೇ ಅವಳಿಗೋಸ್ಕರ."

"ಅದನ್ನೇ ನಾನೂ ಹೇಳ್ತಿರೋದು. ಅವಳಿಗೋಸ್ಕರ ನೀವು ಹೋಗಬೇಕು. ಒದ್ದೆ ಪಂಚೆ, ಬರಿಗಾಲು, ಮೌನ. ದಾರಿಯಲ್ಲಿ ನಿಮಗೆ ಮಂತ್ರ ತಪ್ಪಬಾರದಲ್ಲ, ಅದಕ್ಕೆ ಜೊತೆಗೆ ನಾನು ಬರ್ತೀನಿ."

ವರ್ಷಾ ಆಗಲೇ ಫೋನು ಹಿಡಿದಿದ್ದಳು. ಅವಳು ವಾರದಿಂದ ತಾನು ಕೆಲಸ ಮಾಡುವ ಬ್ಯಾಂಕಿನ ಪ್ಯಾಂಟ್ರಿಯಲ್ಲಿ ಅಳುತ್ತಿದ್ದಳು. ಅಪ್ಪ ಏನನ್ನೋ ಬಚ್ಚಿಡುತ್ತಿದ್ದಾನೆಂದು ನಂಬಿದ್ದಳು. ಟ್ರಾವೆಲ್ ಏಜೆನ್ಸಿಯ ಮಿಸ್ ಲಿಮ್ ಸಿಂಗಾಪುರದ ಇಂಗ್ಲಿಷಿನಲ್ಲಿ ಉತ್ತರಿಸಿದಳು. "ಸೀಟ್ ಚೇಂಜ್, ಕ್ಯಾನ್ ಲಾ. ಅಮ್ಮನ ಸೀಟ್ ಅಂಕಲ್‌ಗೆ ಹಾಕ್ತೀನಿ. ವೀಸಾ, ಕೆನಾಟ್. ಕಾನ್ಸುಲೇಟಿಗೆ ನೀವೇ ಓನ್ ಸೆಲ್ಫ್ ಹೋಗಬೇಕು. ಅಮ್ಮನೂ ಹೋಗಿ ಕ್ಯಾನ್ಸಲ್ ಸೈನ್ ಹಾಕಬೇಕು, ಓಕೆ?"

ಹೀಗೆ, ಯಾರಿಗಾಗಿ ಯಾತ್ರೆ ಹುಟ್ಟಿತ್ತೋ ಆಕೆಯೊಬ್ಬರನ್ನು ಬಿಟ್ಟು ಉಳಿದವರೆಲ್ಲ ಯಾತ್ರೆಗೆ ಸಿದ್ಧರಾದರು.

ಬದರಿನಾಥರು ನಿಜ ಹೇಳಲು ಪ್ರಯತ್ನಿಸಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಒಮ್ಮೆ ಬಾಯಿ ತೆರೆದಾಗ ಶಾಸ್ತ್ರಿಗಳು ಜಪದಲ್ಲಿದ್ದರು. ಇನ್ನೊಮ್ಮೆ ತೆರೆದಾಗ ಉಪೇಂದ್ರ ಬಂದು, ಬರಿಗಾಲಿಗೆ ಹಚ್ಚಲೆಂದು ಮುಲಾಮು ಕೊಟ್ಟು, ಅವರ ಪಾದ ಮುಟ್ಟಿದ. ಪಾದ ಮುಟ್ಟಿಸಿಕೊಂಡ ಮೇಲೆ ಅದೇ ಮನುಷ್ಯನಿಗೆ ನಾನು ಸಜ್ಜಿಗೆಯ ಜಂಬಕ್ಕೆ ಹೇಳಿದ್ದು ಎನ್ನುವುದು ಹೇಗೆ? ನಾಳೆ ಹೇಳೋಣ ಎಂದುಕೊಂಡರು. ಅನಸೂಯಮ್ಮ ಜಗಳವಾಡಿದ್ದರೆ ಅಂದೇ ಹೇಳಿಬಿಡುತ್ತಿದ್ದರೇನೋ. ಆಕೆ ಜಗಳವಾಡಲಿಲ್ಲ. ಸೀಟು ಬದಲಾಯಿತೆಂದು ವರ್ಷಾ ತಿಳಿಸಿದಾಗ ಗಂಡನ ಮುಖವನ್ನು ಒಂದು ಗಳಿಗೆ ನೋಡಿ, "ಆಗಲಿ, ನೀವು ಹೋಗಿ ಬನ್ನಿ," ಎಂದರು. ಲೈಬ್ರರಿಯ ಪುಸ್ತಕವನ್ನು ಮರುದಿನವೇ ಹಿಂದಿರುಗಿಸಿ ಬಂದರು.

ಕಾನ್ಸುಲೇಟಿಗೆ ಹೋಗುವ ಹಿಂದಿನ ಸಂಜೆ ಆಕೆ ಬದರಿನಾಥರನ್ನು ಅಡುಗೆಮನೆಗೆ ಕರೆದರು.

"ಇಲ್ಲಿ ನೋಡಿ. ಇದು ಹಿಂಗು. ಸಾರಿಗೆ ಕಡಲೆಬೇಳೆಯಷ್ಟು ಸಾಕು. ನಿಮಗೆ ಕೈ ದೊಡ್ಡದು, ಜಾಸ್ತಿ ಹಾಕ್ತೀರ."

"ಸರಿ."

"ಬೇಳೆಗೆ ಮೂರು ಸೀಟಿ. ವಾಷಿಂಗ್ ಮೆಷೀನಿಗೆ ಬಿಳೀ ಪಂಚೆ ಬೇರೆ, ವರ್ಷಾ ಬಟ್ಟೆ ಬೇರೆ. ಒಟ್ಟಿಗೆ ಹಾಕಬೇಡಿ, ನಿಮ್ಮ ಪಂಚೆಯೆಲ್ಲ ಗುಲಾಬಿಯಾಗುತ್ತೆ."

ಬದರಿನಾಥರು ಒಂದು ಚೀಟಿಯಲ್ಲಿ ಬರೆದುಕೊಂಡರು. ಹನ್ನೆರಡು ದಿನದ ಪ್ರವಾಸಕ್ಕೆ ಇಷ್ಟೊಂದು ಸಿದ್ಧತೆಯೇ ಎಂದು ಅವರಿಗೆ ಸೋಜಿಗವಾಯಿತು. "ಅಲ್ಲ ಅನಸೂಯ, ಹೋಟೆಲಿನಲ್ಲಿ ವಾಷಿಂಗ್ ಮೆಷೀನು ಇರುತ್ತಾ?"

ಆಕೆ ಹಿಂಗಿನ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಅವರ ಕೈಗೆ ಎಟಕುವ ಗೂಡಿನಲ್ಲಿಟ್ಟರು.

"ವರ್ಷಾಗೆ ಹುಡುಗನ್ನ ನೋಡುವಾಗ ನಗುನಗುತ್ತಾ ಇರೋನನ್ನ ನೋಡಿ. ಜಾತಕ ಅಂತ ತುಂಬಾ ಹಿಡೀಬೇಡಿ."

"ಅದಕ್ಕೇನು ಈಗ ಅವಸರ?" ಎಂದರು ಬದರಿನಾಥರು, ಮತ್ತು ಚೀಟಿಯಲ್ಲಿ ಅದನ್ನೂ ಬರೆದುಕೊಂಡರು. ಮೂರು ಸೀಟಿಯ ಕೆಳಗೆ, ಗುಲಾಬಿ ಪಂಚೆಯ ಪಕ್ಕದಲ್ಲಿ.

ಮರುದಿನ ಬೆಳಿಗ್ಗೆ ಮೂವರೂ ಹೊರಟರು. ನಿಲ್ದಾಣದಿಂದ ಕಾನ್ಸುಲೇಟು ಹತ್ತು ನಿಮಿಷದ ದಾರಿ. ಬದರಿನಾಥರು ಎಂದಿನ ನಡಿಗೆಯಲ್ಲಿ ಮುಂದೆ, ಶಾಸ್ತ್ರಿಗಳು ಅವರ ಬೆನ್ನಿಗೆ, ಅನಸೂಯಮ್ಮ ಎಲ್ಲೋ ಹಿಂದೆ. ಬಾಗಿಲಿನ ಕಾವಲುಗಾರ ಇಬ್ಬರ ಹೆಸರು ಬರೆದುಕೊಂಡು ಬಾಗಿಲು ಮುಚ್ಚಿದ ಮೇಲೆ, ಹೊರಗೆ ಒಬ್ಬ ಹೆಂಗಸು ಬಂದು ನಿಂತು, ತಾನೂ ಅವರ ಜೊತೆಯವಳೆಂದು ವಿವರಿಸಬೇಕಾಯಿತು.

ಕೌಂಟರಿನ ಹಿಂದೆ ಕುಳಿತಿದ್ದ ಅಧಿಕಾರಿಣಿ ಬಿಳಿಕೂದಲಿನ, ಸಾವಧಾನದ ಹೆಂಗಸು. ಅರ್ಜಿಯನ್ನು ಶಾಸ್ತ್ರಿಗಳು ತಮ್ಮ ಇಂಗ್ಲಿಷಿನಲ್ಲಿ ಭರ್ತಿ ಮಾಡಿದ್ದರು. ಪ್ರಯಾಣದ ಉದ್ದೇಶ ಎಂಬಲ್ಲಿ ಕೊಟ್ಟಿದ್ದ ಒಂದು ಗೆರೆ ಸಾಲದೆ ಅಂಚಿಗೂ ಹಬ್ಬಿದ್ದರು. ಆಕೆ ಅದನ್ನು ಒಮ್ಮೆ ಮನಸ್ಸಿನಲ್ಲಿ, ಇನ್ನೊಮ್ಮೆ ಗಟ್ಟಿಯಾಗಿ ಓದಿದಳು. "ಕೋಟೆಗೋಡೆಗಳನ್ನು ಬಲಗಡೆಯಿಂದ, ಬರಿಗಾಲಿನಲ್ಲಿ, ಒದ್ದೆಬಟ್ಟೆಯುಟ್ಟು, ಮೂರು ಸಲ ಸುತ್ತುವುದು. ಪತ್ನಿಯ ಆಯುಸ್ಸಿನ ವೃದ್ಧಿಗಾಗಿ." ಕನ್ನಡಕ ತೆಗೆದಳು. "ಒದ್ದೆಬಟ್ಟೆ ಯಾಕೆ?"

"ಇಟ್ ಈಸ್ ದ ರೂಲ್," ಎಂದರು ಶಾಸ್ತ್ರಿಗಳು.

"ನಮ್ಮ ರೂಲ್ ಅಲ್ಲ," ಎಂದಳಾಕೆ. ಸಾಲಿನಲ್ಲಿ ಕಾಯುತ್ತಿದ್ದ ಹತ್ತಾರು ಮಂದಿ ತಮ್ಮ ಪತ್ರಿಕೆಗಳನ್ನು ಇಳಿಸಿದರು. ಅಧಿಕಾರಿಣಿ ಪಕ್ಕಕ್ಕೆ ಬಾಗಿ ಅನಸೂಯಮ್ಮನವರನ್ನು ನೋಡಿದಳು. "ಮೇಡಂ, ನಿಮಗೆ ಆರೋಗ್ಯ ಸರಿಯಿಲ್ಲವೇ?"

ಅನಸೂಯಮ್ಮ ತಮಗೆ ಬರುವ ಇಂಗ್ಲಿಷಿನಲ್ಲಿ, ನಿಧಾನವಾಗಿ ಹೇಳಿದರು. "ಇರಬೇಕು. ಹೋದ ತಿಂಗಳು ಬ್ಲಡ್ ಟೆಸ್ಟ್ ಆಯಿತು. ರಿಪೋರ್ಟ್ ಇವರು ತಂದರು. ನನಗೆ ತೋರಿಸಲಿಲ್ಲ. ಹೇಳೋಕೆ ಇವರಿಗೆ ಧೈರ್ಯ ಇಲ್ಲ. ಪಾಪ, ಕಷ್ಟ ಆಗುತ್ತೆ ಅಂತ ನಾನೂ ಕೇಳಲಿಲ್ಲ."

ತಡೆಗೋಡೆಗಳು ಹೇಗೆ ಕುಸಿಯುತ್ತವೆಂಬುದನ್ನು ಬದರಿನಾಥರು ವೃತ್ತಿಯಿಂದ ಬಲ್ಲವರು. ಮೊದಲು ಒಂದು ಕೂದಲೆಳೆಯ ಬಿರುಕು. ಆಮೇಲೆ ಎಲ್ಲವೂ ಒಟ್ಟಿಗೆ. ಅವರಿಗೆ ಹಿಂಗಿನ ಡಬ್ಬಿ ಅರ್ಥವಾಯಿತು. ಮೂರು ಸೀಟಿ ಅರ್ಥವಾಯಿತು. ನಗುನಗುತ್ತಾ ಇರುವ ಹುಡುಗ ಅರ್ಥವಾದ. ತನ್ನ ಸಾವನ್ನು ನಂಬಿಕೊಂಡು ಈ ಹೆಂಗಸು ಮೂರು ವಾರದಿಂದ ಅಳದೆ, ಕೇಳದೆ, ಗಂಡನ ಕೈಗೆ ಎಟಕುವ ಗೂಡನ್ನು ಹುಡುಕುತ್ತಿದ್ದಳು.

"ಅನಸೂಯ," ಎಂದರು. "ನಿನಗೆ ಏನೂ ಆಗಿಲ್ಲ ಕಣೇ. ರಿಪೋರ್ಟು ನನ್ನ ನಿಘಂಟಿನೊಳಗೆ ಇದೆ. ಇಟ್ಟು ಮರೆತೆ. ಎಲ್ಲಾ ನಾರ್ಮಲ್."

"ನಾರ್ಮಲ್ಲಾ?"

"ಕಬ್ಬಿಣದಂಶ ಸ್ವಲ್ಪ ಕಡಿಮೆ ಅಂತೆ. ನುಗ್ಗೆಸೊಪ್ಪು ತಿನ್ನಬೇಕಂತೆ."

"ಮತ್ತೆ ಹರಕೆ?"

"ಹರಕೆಯೂ ಇಲ್ಲ, ಏನೂ ಇಲ್ಲ. ಗೋಡೆ ನೋಡೋಕೆ ಹೋಗ್ತಾರೆ ಅಂತ ಉಪೇಂದ್ರ ನಕ್ಕ. ಎಲ್ಲರೂ ನಕ್ಕರು. ನನಗೆ ರೋಷ ಬಂತು, ಪ್ರದಕ್ಷಿಣೆ ಅಂದುಬಿಟ್ಟೆ. ಆಮೇಲೆ ಅವನು ಸಾರ್ ಅಂತ ಕರೆದ. ಹೇಳೋಕೆ ಆಗಲಿಲ್ಲ."

ಅನಸೂಯಮ್ಮ ಗಂಡನ ಕಡೆಗೆ ತಿರುಗಿ ನಿಂತರು.

"ಮೂರು ವಾರದಿಂದ ನಾನು ಉಪ್ಪಿಲ್ಲದ ಗಂಜಿ ಕುಡೀತಿದೀನಿ," ಎಂದರು.

ಶಾಸ್ತ್ರಿಗಳು ಕುರ್ಚಿಯ ಮೇಲೆ ಕುಳಿತರು. ಕನ್ನಡದ ಒಂದಕ್ಷರವನ್ನೂ ಅರಿಯದ ಅಧಿಕಾರಿಣಿ ಮೂವರ ಮುಖಗಳನ್ನು ಓದಿ, ತನ್ನ ಲೇಖನಿಯನ್ನು ಕೆಳಗಿಟ್ಟು ಕಾದಳು. ಬಳಿಕ ಬದರಿನಾಥರು ಅದೇ ಕಥೆಯನ್ನು, ಸಾಲಿನಲ್ಲಿದ್ದವರೆಲ್ಲರ ಸಮ್ಮುಖದಲ್ಲಿ, ಇಂಗ್ಲಿಷಿನಲ್ಲಿ ಇನ್ನೊಮ್ಮೆ ನಿವೇದಿಸಬೇಕಾಯಿತು. ಸಪಾದಭಕ್ಷ್ಯಕ್ಕೆ ಇಂಗ್ಲಿಷಿನಲ್ಲಿ ಪದವಿಲ್ಲದ್ದರಿಂದ ತಪ್ಪೊಪ್ಪಿಗೆ ಒಂದೆಡೆ ಬಹಳ ಉದ್ದವಾಯಿತು. ಸಾಲಿನ ಕೊನೆಯಲ್ಲಿದ್ದ ಮುದುಕನೊಬ್ಬ ಅದನ್ನು ತುಪ್ಪದಲ್ಲಿ ಹುರಿಯುತ್ತಾರೋ ಎಂದು ವಿಚಾರಿಸಿದ.

"ಹಾಗಾದರೆ," ಎಂದಳು ಅಧಿಕಾರಿಣಿ, "ಕಾಯಿಲೆ ಇಲ್ಲ, ಹರಕೆ ಇಲ್ಲ. ಪ್ಯಾರಿಸನ್ನು ಬಿಟ್ಟು ಈ ಗೋಡೆಯ ಊರುಗಳೇ ಯಾಕೆ?"

"ನನಗೆ ಗೊತ್ತಿಲ್ಲ," ಎಂದರು ಬದರಿನಾಥರು. "ಆರಿಸಿದ್ದು ಇವಳು. ನಾನು ಕೇಳಲೇ ಇಲ್ಲ."

ಎಲ್ಲರೂ ಅನಸೂಯಮ್ಮನವರ ಕಡೆಗೆ ತಿರುಗಿದರು. ಆಕೆ ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು, ಮೊದಲು ಅಧಿಕಾರಿಣಿಗೆ ಹೇಳಿದರು. "ಇವರು ಬೇಗ ನಡೀತಾರೆ." ಅಲ್ಲಿಂದ ಮುಂದಕ್ಕೆ ಇಂಗ್ಲಿಷು ಸಾಲಲಿಲ್ಲವೋ ಏನೋ, ಗಂಡನ ಕಡೆಗೆ ತಿರುಗಿ ಕನ್ನಡದಲ್ಲಿ ಮುಂದುವರಿಸಿದರು.

"ಮದುವೆಯಾದ ಮಾರನೇ ದಿನ ದೇವಸ್ಥಾನಕ್ಕೆ ಹೋದಾಗಿನಿಂದ ನಿಮ್ಮ ಬೆನ್ನೇ ನೋಡ್ತಿದೀನಿ. ಬಜಾರಿನಲ್ಲಿ ಬೆನ್ನು, ಏರ್‌ಪೋರ್ಟಿನಲ್ಲಿ ಬೆನ್ನು. ಕೂಗಿದರೆ ಕೇಳಿಸಲ್ಲ. ಬೇಜಾರಿಲ್ಲ, ನಿಮ್ಮ ನಡಿಗೇನೇ ಹಾಗೆ. ಆ ಪುಸ್ತಕದಲ್ಲಿ ಆ ಊರು ನೋಡಿದೆ. ಗೋಡೆ ಮೇಲೆ ದಾರಿ, ಸುತ್ತ ಒಂದೇ ದಾರಿ. ಇಲ್ಲಿ ಇವರು ಎಷ್ಟು ಬೇಗ ಹೋದರೂ ಹೋಗಿ ಹೋಗಿ ಎಲ್ಲಿಗೆ ಹೋಗ್ತಾರೆ, ನಾನು ಕೂತಿರೋ ಕಡೆಗೇ ಬರಬೇಕಲ್ಲ ಅನ್ನಿಸ್ತು. ಅಷ್ಟೆ."

ಶಾಸ್ತ್ರಿಗಳು ಮೂಗು ಒರೆಸಿಕೊಂಡು, ತಂಗಿಯ ಮಾತನ್ನು ಆ ಹೆಂಗಸಿಗೆ ಇಂಗ್ಲಿಷಿಗೆ ತಂದರು. ಸಂಸ್ಕೃತದ ನಲವತ್ತು ವರ್ಷಗಳ ಅಧ್ಯಾಪನದಲ್ಲಿ ಅವರು ಇಷ್ಟು ಅಚ್ಚುಕಟ್ಟಾಗಿ ಯಾವುದನ್ನೂ ಭಾಷಾಂತರಿಸಿರಲಿಲ್ಲ. ಅಧಿಕಾರಿಣಿ ಅರ್ಜಿಯ ಆ ಉದ್ದನೆಯ ವಾಕ್ಯವನ್ನು ಅಂಚಿನವರೆಗೂ ಹೊಡೆದುಹಾಕಿ, ಮೇಲೆ 'ಪ್ರವಾಸ' ಎಂದು ಒಂದೇ ಪದ ಬರೆದಳು. ಹೆಸರಿನ ಜಾಗದಲ್ಲಿ ಶಾಸ್ತ್ರಿಗಳನ್ನು ತೆಗೆದು ಅನಸೂಯಮ್ಮನವರನ್ನು ಸೇರಿಸಿದಳು.

"ಗುರುವಾರ ಬನ್ನಿ," ಎಂದಳು. ಆಮೇಲೆ ಬದರಿನಾಥರಿಗೆ ಪ್ರತ್ಯೇಕವಾಗಿ, "ನಿಧಾನವಾಗಿ ಬನ್ನಿ."

ಹೊರಗೆ ಬಂದ ಮೇಲೆ ಶಾಸ್ತ್ರಿಗಳು ಸ್ವಲ್ಪ ದೂರ ನಡೆದರು. ತಾವು ತಂದದ್ದು ವ್ಯರ್ಥವಾಯಿತಲ್ಲ ಎಂಬ ಕೊರಗು ಅವರ ಮುಖದಲ್ಲಿತ್ತು.

"ಆ ಕಾವೇರಿ ನೀರನ್ನ ಏನು ಮಾಡೋಣ, ಅನಸೂಯ?"

"ಸಾರು ಮಾಡೋಣ ಅಣ್ಣ," ಎಂದರು ಅನಸೂಯಮ್ಮ. "ಉಪ್ಪು ಹಾಕಿ."

ಬದರಿನಾಥರು ಆ ಸಂಜೆಯೇ ಉಪೇಂದ್ರನ ಮನೆಗೆ ಹೋಗಿ, ಕಾಮಾಕ್ಷಿಯವರನ್ನೂ ಕರೆಸಿ, ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಮುಖ ಕೆಂಪಾಗಿತ್ತು, ಆದರೆ ಒಂದಕ್ಷರ ಬಿಡಲಿಲ್ಲ. ಕೇಳಿ ಮುಗಿದ ಮೇಲೆ ಕಾಮಾಕ್ಷಿಯವರು ಎರಡೂ ಕೈಗಳನ್ನು ಜೋಡಿಸಿದರು.

"ನೋಡಿದಿರಾ, ಗೋಡೆ ಮುಟ್ಟೋಕೆ ಮುಂಚೆನೇ ವಾಸಿ. ಬರೀ ಸಂಕಲ್ಪಕ್ಕೆ ಇಷ್ಟು ಶಕ್ತಿ."

"ಇಲ್ಲಮ್ಮ, ಅವಳಿಗೆ ಕಾಯಿಲೇನೇ ಇರಲಿಲ್ಲ."

"ಅದನ್ನೇ ನಾನೂ ಹೇಳ್ತಿರೋದು. ರಿಪೋರ್ಟಿನಲ್ಲೂ ಉಳಿದಿಲ್ಲ ನೋಡಿ. ನನ್ನ ಮಂಡಿನೋವಿಗೂ ಒಂದು ಸುತ್ತು ಹಾಕಿ ಬನ್ನಿ."

ಉಪೇಂದ್ರ ನಗಲಿಲ್ಲ. ತಾನು ಹೆಂಡತಿಯೊಡನೆ ಏಳು ದೇಶ ಸುತ್ತಿದ್ದನ್ನು ನೆನೆಯುತ್ತಿದ್ದಂತೆ ತೋರಿತು. ಬಾಗಿಲವರೆಗೆ ಬಂದು, "ಆ ಊರಿನ ಹೆಸರು ಬರೆದುಕೊಡಿ ಅಂಕಲ್," ಎಂದ. 'ಸಾರ್' ಹೋಗಿತ್ತು. ಬದರಿನಾಥರಿಗೆ ಅದರಿಂದ ಒಂದು ಬಗೆಯ ಹಗುರವೇ ಆಯಿತು.

ಊರಿನ ಹೆಸರು ಸೇಂಟ್ ಮಾಲೊ. ಫ್ರಾನ್ಸಿನ ಅಂಚಿನಲ್ಲಿ, ಮೂರು ಕಡೆ ನೀರಿನ ನಡುವೆ, ಬೂದುಬಣ್ಣದ ಕಲ್ಲಿನ ಗೋಡೆಯನ್ನು ಸೊಂಟಕ್ಕೆ ಸುತ್ತಿಕೊಂಡ ಊರು. ಜೂನ್ ಮೊದಲ ವಾರದ ಒಂದು ಬೆಳಿಗ್ಗೆ, ಮೋಡ ಸರಿದು ಬಿಸಿಲು ಬಿದ್ದ ಹೊತ್ತಿನಲ್ಲಿ, ಬದರಿನಾಥರೂ ಅನಸೂಯಮ್ಮನವರೂ ಹೆಬ್ಬಾಗಿಲಿನ ಪಕ್ಕದ ಮೆಟ್ಟಿಲುಗಳನ್ನು ಹತ್ತಿ ಗೋಡೆಯ ಮೇಲೆ ನಿಂತರು. ಬದರಿನಾಥರು ಹಿಂದಿನ ರಾತ್ರಿಯೇ ನಿಶ್ಚಯಿಸಿದ್ದರು: ಒಂದು ಹೆಜ್ಜೆಯನ್ನೂ ಮುಂದೆ ಇಡಕೂಡದು. ಪತ್ನಿಯ ಪಕ್ಕದಲ್ಲಿ, ಕಾಲುಗಳನ್ನು ಕಟ್ಟಿಹಾಕಿದವರಂತೆ, ಅವರು ನಲವತ್ತು ಹೆಜ್ಜೆ ನಡೆದರು.

"ಏನ್ರೀ, ಕಾಲು ನೋವಾ?"

"ಇಲ್ಲ. ನಿಧಾನವಾಗಿ ನಡೀತಿದೀನಿ."

"ನೋಡೋಕೆ ಆಗ್ತಿಲ್ಲ. ನೀವು ನಿಮ್ಮ ಹಾಗೇ ನಡೀರಿ. ನಾನು ಈ ಕಟ್ಟೆ ಮೇಲೆ ಕೂತಿರ್ತೀನಿ. ಅದಕ್ಕೇ ಅಲ್ಲವಾ ಬಂದಿದ್ದು."

ಬದರಿನಾಥರು ಊರನ್ನು ಬಲಕ್ಕಿಟ್ಟುಕೊಂಡು ಶಾಸ್ತ್ರೋಕ್ತವಾಗಿ ಹೊರಟರು. ಬಂದರಿನ ಹಡಗುಗಳು ಎಡಕ್ಕೆ ಕಂಡು ಹಿಂದೆ ಸರಿದವು. ಎಂಜಿನಿಯರಾದವನು ನಿಂತು ನೋಡಬೇಕಾದ ಕಲ್ಲಿನ ಕೆಲಸವಿತ್ತು, ಅವರು ನಿಲ್ಲಲಿಲ್ಲ. ಜೀವಮಾನವೆಲ್ಲ ಅವರು ಎಲ್ಲಿಗೋ ಹೋಗಲು ಬೇಗ ನಡೆದಿದ್ದರು. ಇಂದು ಯಾರದೋ ಬಳಿಗೆ ಬರಲು ನಡೆಯುತ್ತಿದ್ದರು. ಅದರ ಅವಸರವೇ ಬೇರೆಯಾಗಿತ್ತು. ಕಟ್ಟೆ ಚಳಿಯಾಗಿದ್ದೀತೇ, ಗಾಳಿ ಹೊಡೆದೀತೇ, ಯಾರಾದರೂ ಮಾತನಾಡಿಸಿದರೆ ಅವಳಿಗೆ ಉತ್ತರ ಹೊಳೆದೀತೇ ಎಂದು ಅವರು ಯೋಚಿಸಿದರು. ಇಂಥ ಯೋಚನೆಗಳು ಇಷ್ಟು ವರ್ಷ ಎಲ್ಲಿದ್ದವೆಂದು ಅವರಿಗೇ ತಿಳಿಯಲಿಲ್ಲ.

ಮೂಲೆಯ ಬುರುಜನ್ನು ದಾಟುತ್ತಲೇ ಎಡಗಡೆ ಸಮುದ್ರವು ಒಮ್ಮೆಲೇ ತೆರೆದುಕೊಂಡಿತು. ಕಿರಿದಾದ ದಾರಿಯ ಆ ತುದಿಯಲ್ಲಿ ಯಾರೋ ಬರುತ್ತಿದ್ದರು. ಹಸಿರು ಸೀರೆ, ಮೇಲೆ ಕಂದು ಸ್ವೆಟರು, ಹೊಟ್ಟೆಗೆ ಒತ್ತಿಕೊಂಡ ಕೈಚೀಲ. ಈ ಊರಿಗೆ ನಮ್ಮ ಕಡೆಯ ಇನ್ನೊಬ್ಬರು ಬಂದಿದ್ದಾರೆಂದುಕೊಂಡರು ಬದರಿನಾಥರು. ಆ ಹೆಂಗಸು ಕೊಂಚ ಎಡಕ್ಕೆ ವಾಲಿ, ಹೆಜ್ಜೆಯನ್ನು ನೋಡಿಕೊಂಡು, ಹಾರುವ ಮುಂಗುರುಳನ್ನು ಒಂದು ಕೈಯಿಂದ ಹಿಡಿದು ನಡೆಯುತ್ತಿದ್ದರು. ಬಳಿಕ ತಲೆಯೆತ್ತಿ ನಕ್ಕರು. ಮೂವತ್ತು ವರ್ಷಗಳಲ್ಲಿ ತಮ್ಮ ಹೆಂಡತಿ ನಡೆಯುವುದನ್ನು ಬದರಿನಾಥರು ಎದುರಿನಿಂದ ನೋಡಿದ್ದು ಅದೇ ಮೊದಲು.

"ಕೂತಿರ್ತೀನಿ ಅಂದೆ?"

"ಕೂತಿದ್ದೆ. ಹೇಗೂ ಆ ಕಡೆಯಿಂದ ಬರ್ತೀರಲ್ಲ, ಕಾಯೋದ್ಯಾಕೆ, ಎದುರಿಗೇ ಹೋಗೋಣ ಅಂತ ಬಂದೆ." ಆಕೆಗೆ ಸ್ವಲ್ಪ ಏದುಸಿರು ಬಂದಿತ್ತು. "ಚೆನ್ನಾಗಿದೆ ಅಲ್ವಾ?"

ಆಕೆ ಬಂದ ದಿಕ್ಕು ಅಪ್ರದಕ್ಷಿಣ. ದೇವರನ್ನು ಎಡಕ್ಕಿಟ್ಟು ಸುತ್ತಬಾರದೆಂಬ ವಿಧಿಯೂ ಅದರ ಕಾರಣವೂ ತಂದೆಯ ದನಿಯಲ್ಲೇ ಬದರಿನಾಥರ ನಾಲಗೆಯ ತುದಿಗೆ ಬಂದು ನಿಂತವು. ಅವರು ಅದನ್ನು ನುಂಗಿದರು.

"ಈಗ ಯಾವ ಕಡೆ ಹೋಗೋಣ?" ಎಂದರು ಅನಸೂಯಮ್ಮ. "ನಿಮ್ಮದು ಇನ್ನೂ ಅರ್ಧ ಸುತ್ತು ಬಾಕಿ."

"ನೀನು ಹೊರಟ ಕಡೆಗೇ," ಎಂದು ಬದರಿನಾಥರು ಹಿಂದಕ್ಕೆ ತಿರುಗಿದರು. ಗಾಳಿ ಬರುವ ಬದಿಗೆ ತಾವು ನಿಂತು, ಊರನ್ನು ಎಡಕ್ಕಿಟ್ಟುಕೊಂಡು, ಆಕೆಯ ಹೆಜ್ಜೆ ಬೀಳುವವರೆಗೆ ಕಾದು ತಮ್ಮ ಹೆಜ್ಜೆಯಿಟ್ಟರು.